ಕಿವಿಗೆ ಹಬ್ಬವೋ, ಕಿವಿಗೆ ಹೂವೋ?

ಲಕ್ಷ ರೂಪಾಯಿಯ ಹೆಡ್‌ಫೋನು: ಕೇಳಿದವರದು ತಲೆಗೊಂದು ಮಾತು

ಸರ್ಕಾರಿ ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್ ಹಚ್ಚಿ ಊರಿಗೆಲ್ಲ ಹಾಡು ಕೇಳಿಸುವ ಹಾಗಿಲ್ಲ. ಹೈಕೋರ್ಟಿನ ನಿರ್ದೇಶನದ ಬೆನ್ನಿಗೇ 2021ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ಈ ಸುತ್ತೋಲೆ ಹೊರಡಿಸಿತು. ಹೇಳಿದ ಮಾತು ಕೇಳದವರನ್ನು ದಾರಿಯಲ್ಲೇ ಇಳಿಸಬಹುದು, ಟಿಕೆಟ್ಟಿನ ದುಡ್ಡೂ ವಾಪಸ್ಸಿಲ್ಲ ಎಂಬ ಮಾತೂ ಅದರಲ್ಲಿ ಇತ್ತು. ಅಂದಮೇಲೆ ದಾರಿಯುದ್ದಕ್ಕೂ ಹಾಡು ಬೇಕೆನ್ನುವವನಿಗೆ ಉಳಿದದ್ದು ಒಂದೇ ಉಪಾಯ. ಕಿವಿಗೆ ಏನಾದರೂ ಸಿಕ್ಕಿಸಿಕೊಳ್ಳುವುದು.

ಸಿಕ್ಕಿಸಿಕೊಳ್ಳಲು ಏನಿಲ್ಲ ಹೇಳಿ? ಬಸ್ ಸ್ಟ್ಯಾಂಡಿನ ಎದುರು ದಾರಕ್ಕೆ ನೇತುಹಾಕಿ ಮಾರುವ ನೂರಿನ್ನೂರು ರೂಪಾಯಿಯ ಇಯರ್‌ಫೋನಿನಿಂದ ಹಿಡಿದು, ಒಂದು ಸೈಟು ಕೊಳ್ಳುವಷ್ಟು ದುಡ್ಡು ಬೇಡುವ ಹೆಡ್‌ಫೋನಿನವರೆಗೆ ಜಗತ್ತಿನಲ್ಲಿ ಮಾಲು ಇದೆ. ಎರಡರಲ್ಲೂ ಬರುವುದು ಅದೇ ಹಾಡು, ಅದೇ ಗಾಯಕ. ಹಾಗಾದರೆ ಈ ಸಾವಿರ ಪಟ್ಟು, ಹತ್ತು ಸಾವಿರ ಪಟ್ಟು ದುಡ್ಡು ಯಾತಕ್ಕೆ? ಕೇಳಿದವರು ಏನೆನ್ನುತ್ತಾರೆ?

ತಮಾಷೆ ಇರುವುದೇ ಇಲ್ಲಿ. ಕೇಳಿದವರ ಮಾತು ಒಂದಕ್ಕೊಂದು ಕೂಡುವುದಿಲ್ಲ. ಒಬ್ಬ ದೇವಲೋಕ ಎಂದದ್ದನ್ನು ಇನ್ನೊಬ್ಬ ತಗಡಿನ ಡಬ್ಬ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ!

ಅಡುಗೆಮನೆಯಿಂದ ಅಮೃತಶಿಲೆಯವರೆಗೆ

ಈ ಕಿವಿಯ ಆಭರಣದ ಚರಿತ್ರೆಯನ್ನು ಚುಟುಕಾಗಿ ನೋಡಿಬಿಡೋಣ. 1910ರ ಸುಮಾರಿಗೆ ಅಮೆರಿಕದ ಯೂಟಾ ಪ್ರಾಂತ್ಯದ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತ ತನ್ನ ಮನೆಯ ಅಡುಗೆಮನೆಯಲ್ಲೇ ಕೈಯಾರೆ ಹೆಡ್‌ಫೋನು ಮಾಡಿ ನೌಕಾಪಡೆಗೆ ಕಳಿಸಿದ. ತಂತಿಯಿಲ್ಲದ ಸಂದೇಶ ಕೇಳಲು ಅವರಿಗೆ ಅದು ಬೇಕಿತ್ತು. ಆಗ ಅದು ಸಂಗೀತದ ಸಾಮಾನಲ್ಲ, ಕಚೇರಿಯ ಸಾಮಾನು.

ಸಂಗೀತಕ್ಕೆಂದೇ ಸ್ಟೀರಿಯೋ ಹೆಡ್‌ಫೋನು ಬಂದದ್ದು 1958ರಲ್ಲಿ. ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್ ಅದನ್ನು ಮಾರುಕಟ್ಟೆಗೆ ತಂದ. 1960ರಲ್ಲಿ ಜಪಾನಿನ ಸ್ಟ್ಯಾಕ್ಸ್ ಕಂಪನಿ ತೆಳ್ಳನೆಯ ಪೊರೆಯೊಂದನ್ನು ವಿದ್ಯುತ್ತಿನ ಸೆಳೆತದಿಂದಲೇ ಅಲುಗಿಸುವ ಹೊಸ ಬಗೆಯದನ್ನು ತಂದಿತು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಹಳದಿ ಸ್ಪಂಜಿನ ಎಚ್‌ಡಿ 414 ತಂದಾಗ ಜನ ಮುಗಿಬಿದ್ದರು. ಒಂದು ಕೋಟಿಗೂ ಮಿಕ್ಕಿ ಖರ್ಚಾದ ಮಾಲು ಅದು. 1979ರ ಜುಲೈ 1ರಂದು ಸೋನಿಯ ವಾಕ್‌ಮನ್ ಬಂತು. ಜಪಾನಿನಲ್ಲಿ ಬೆಲೆ 33,000 ಯೆನ್. ಹಾಡು ಮನೆ ಬಿಟ್ಟು ಬೀದಿಗೆ ಬಂತು, ಬಸ್ಸು ಹತ್ತಿತು.

ಶ್ರೀಮಂತರ ಕಥೆ ಬೇರೆ. 1991ರಲ್ಲಿ ಅದೇ ಸೆನ್‌ಹೈಸರ್ ಕಂಪನಿ 'ಆರ್ಫಿಯಸ್' ಎಂಬ ಹೆಸರಿನಲ್ಲಿ ಹೆಡ್‌ಫೋನನ್ನೂ ಅದರ ವಾಲ್ವ್ ಆಂಪ್ಲಿಫಯರನ್ನೂ ಜೋಡಿಸಿ ಮಾರಿತು. ಬರೀ 300 ಸೆಟ್ಟು. ಬೆಲೆ ಸುಮಾರು 16,000 ಡಾಲರ್. 2015ರಲ್ಲಿ ಅದರ ಉತ್ತರಾಧಿಕಾರಿಯನ್ನು ಘೋಷಿಸಿದರು. ಅದರ ಆಂಪ್ಲಿಫಯರಿಗೆ ಇಟಲಿಯ ಕರಾರಾದ ಅಮೃತಶಿಲೆಯ ಕವಚ. ಗುಂಡಿ ಒತ್ತಿದರೆ ವಾಲ್ವುಗಳು ಮೆಲ್ಲಗೆ ಮೇಲೆದ್ದು ಬರುತ್ತವೆ, ತೇರಿನ ಕಳಸ ಎದ್ದ ಹಾಗೆ. ಬೆಲೆ 50,000 ಯೂರೋ. ಅಂದಿನ ಲೆಕ್ಕದಲ್ಲಿ 35 ಲಕ್ಷ ರೂಪಾಯಿ ಆಸುಪಾಸು!

ಅಷ್ಟು ದುಡ್ಡು ಕೊಟ್ಟವನು ಚೆನ್ನಾಗಿಲ್ಲ ಎನ್ನುತ್ತಾನೆಯೇ? ಅಂದರೆ ಮನೆಯಲ್ಲಿ ಊಟ ಸಿಗುತ್ತದೆಯೇ? ಅಮೃತಶಿಲೆ ಅತ್ತ ಇರಲಿ. ನಿಜವಾದ ಜಗಳ ನಡೆದಿರುವುದು ಅದಕ್ಕಿಂತ ಕೆಳಗಿನ ಅಂತಸ್ತಿನಲ್ಲಿ. ತಿಂಗಳ ಸಂಬಳ, ಎರಡು ತಿಂಗಳ ಸಂಬಳ ಕೂಡಿಟ್ಟು ಕೊಳ್ಳುವವರ ನಡುವೆ.

ಮುಸುಕು ಇದೆ, ಮುಸುಕು ಇಲ್ಲ

1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600, 2003ರಲ್ಲಿ ಬಂದ ಅದರ ತಮ್ಮ ಎಚ್‌ಡಿ 650. ಈ ಅಣ್ಣತಮ್ಮಂದಿರು ಐರ್ಲೆಂಡಿನ ಟುಲ್ಲಮೋರ್ ಎಂಬ ಊರಿನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತಯಾರಾಗಿ ಲೋಕವೆಲ್ಲ ಸುತ್ತಿದರು. ಹೆಡ್‌ಫೋನು ಪ್ರಿಯರ ನಡುವೆ ಇವುಗಳ ಬಗ್ಗೆ ಆದಷ್ಟು ವಾದ ಇನ್ನಾವುದರ ಬಗ್ಗೆಯೂ ಆಗಿಲ್ಲವೆಂದರೂ ನಡೆದೀತು.

ವಾದ ಏನು? 'ಮುಸುಕು' ಎಂಬುದೇ ವಾದ. ಗಾಯಕ ಹಾಡುತ್ತಿದ್ದಾನೆ, ಎಲ್ಲವೂ ಸರಿಯಾಗಿದೆ, ಆದರೆ ನಡುವೆ ತೆಳ್ಳನೆಯ ಸೀರೆಯೊಂದನ್ನು ಪರದೆ ಕಟ್ಟಿದ ಹಾಗಿದೆ ಎಂಬುದು ಒಂದು ಪಕ್ಷ. ತಾಳದ ಝಣತ್ಕಾರ, ತಂತಿಯ ಮೊನೆ ಎದ್ದು ಬರುವುದಿಲ್ಲ ಎಂದು ಇವರ ದೂರು. ಇನ್ನೊಂದು ಪಕ್ಷದವರು ಬಿದ್ದು ಬಿದ್ದು ನಗುತ್ತಾರೆ. ಮುಸುಕು ಇರುವುದು ಹೆಡ್‌ಫೋನಿಗಲ್ಲ ಸ್ವಾಮಿ, ಕಿರಿಚುವ ಸದ್ದಿಗೆ ಒಗ್ಗಿಹೋದ ನಿಮ್ಮ ಕಿವಿಗೆ ಎನ್ನುತ್ತಾರೆ. ಮನುಷ್ಯನ ದನಿ ಮನುಷ್ಯನ ದನಿಯ ಹಾಗೆ ಕೇಳಬೇಕಾದರೆ ಇದೇ ಸರಿ, ಗಂಟೆಗಟ್ಟಲೆ ಹಾಕಿಕೊಂಡರೂ ತಲೆ ನೋಯುವುದಿಲ್ಲ ಎಂಬುದು ಇವರ ಸಮರ್ಥನೆ.

ಮೂರನೆಯ ಪಕ್ಷವೂ ಉಂಟು. ಇವರು ತಪ್ಪನ್ನು ಆಂಪ್ಲಿಫಯರಿನ ಮೇಲೆ ಹೊರಿಸುತ್ತಾರೆ. ಈ ಹೆಡ್‌ಫೋನುಗಳ ವಿದ್ಯುತ್ ಪ್ರತಿರೋಧ 300 ಓಮ್. ಸಣ್ಣ ಮೊಬೈಲು ಕೊಡುವ ವೋಲ್ಟೇಜು ಇದಕ್ಕೆ ಸಾಲದೆ ಹೋಗಬಹುದು. ಎತ್ತಿನ ಗಾಡಿಗೆ ಕರು ಕಟ್ಟಿ, ಗಾಡಿ ಓಡುವುದಿಲ್ಲ ಎಂದರೆ ಆದೀತೇ ಎಂಬುದು ಇವರ ಪ್ರಶ್ನೆ. ಮಾತಿನಲ್ಲಿ ಹುರುಳಿದೆ. ಆದರೆ ಒಳ್ಳೆಯ ಆಂಪ್ಲಿಫಯರ್ ಹಾಕಿ ಕೇಳಿದವರಲ್ಲೂ ಮುಸುಕಿನ ಮಾತು ನಿಂತಿಲ್ಲ.

ಒಂದೇ ಸಾಮಾನು, ಮೂರು ತೀರ್ಪು. ಕಾಫಿ ಪುಡಿ ಅಂಗಡಿಯವರಿಗೆ ಇದೇನು ಹೊಸದಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲೇ ಬೆಳೆದ ನಾಲಿಗೆಗೆ ಬರೀ ಕಾಫಿ ಕೊಟ್ಟು ನೋಡಿ, ಸ್ಟ್ರಾಂಗ್ ಇಲ್ಲ ಎನ್ನುತ್ತದೆ. ಬರೀ ಕಾಫಿಯಲ್ಲಿ ಬೆಳೆದವನಿಗೆ ಚಿಕೋರಿ ಕೊಟ್ಟರೆ ಕಷಾಯ ಎನ್ನುತ್ತಾನೆ. ಪುಡಿಯದೇನು ತಪ್ಪು?

ಸೀಳಿ ತೋರಿಸಿದ ಸದ್ದು

ಮುಸುಕಿನ ದೂರು ಕೇಳಿ ಕೇಳಿ ಸಾಕಾಯಿತೋ ಏನೋ, 2009ರಲ್ಲಿ ಅದೇ ಕಂಪನಿ ಎಚ್‌ಡಿ 800 ತಂದಿತು. ಅಮೆರಿಕದಲ್ಲಿ 1,400 ಡಾಲರ್. ಅಂದಿನ ಲೆಕ್ಕದಲ್ಲಿ 65 ಸಾವಿರ ರೂಪಾಯಿಗೂ ಮೇಲೆ. ಒಳಗೆ 56 ಮಿಲಿಮೀಟರ್ ಅಗಲದ, ಬಳೆಯಾಕಾರದ ಪೊರೆ.

ಈ ಸಲ ಮುಸುಕಿನ ಮಾತೇ ಇಲ್ಲ. ಹಾಡು ತಲೆಯೊಳಗಲ್ಲ, ಹೊರಗೆ ದೊಡ್ಡ ಸಭಾಂಗಣದಲ್ಲಿ ನಡೆದ ಹಾಗೆ ಕೇಳುತ್ತದೆ, ಪಿಟೀಲು ಎಲ್ಲಿದೆ, ಡೋಲು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಹುದು ಎಂದು ಒಂದು ಗುಂಪು ಕೊಂಡಾಡಿತು. ಈ ಹೊಗಳಿಕೆ ಇನ್ನೂ ನಿಂತಿಲ್ಲ.

ಆದರೆ ಇನ್ನೊಂದು ಗುಂಪು ಕಿವಿ ಮುಚ್ಚಿಕೊಂಡಿತು! 'ಸ' ಎಂದರೆ ಸೂಜಿ ಚುಚ್ಚಿದಂತೆ, ತಾಳ ತಟ್ಟಿದರೆ ತಗಡು ಕೆರೆದಂತೆ ಎಂದಿತು. ರೆಕಾರ್ಡಿಂಗು ಸ್ವಲ್ಪ ಹಾಳಾಗಿದ್ದರೂ ಆ ಹಾಳನ್ನೇ ಎತ್ತಿ ಮುಖಕ್ಕೆ ಹಿಡಿಯುತ್ತದೆ, ಹಳೆಯ ಹಾಡುಗಳನ್ನು ಕೇಳುವ ಹಾಗೇ ಇಲ್ಲ ಎಂದು ಗೋಳಾಡಿತು. ಯಂತ್ರದಲ್ಲಿ ಅಳೆದು ನೋಡಿದಾಗ ದೂರಿಗೆ ಆಧಾರ ಸಿಕ್ಕಿತು. 6,000 ಹರ್ಟ್ಸಿನ ಆಸುಪಾಸಿನಲ್ಲಿ ಸದ್ದು ದಿಢೀರನೆ ಮೇಲೇಳುವುದು ಕಾಣಿಸಿತು. ಕೆಲವರು ತಾವೇ ಉಣ್ಣೆಯ ತುಂಡು ಕತ್ತರಿಸಿ ಒಳಗೆ ಅಂಟಿಸಿಕೊಂಡರು. 65 ಸಾವಿರದ ಸಾಮಾನಿಗೆ ಮನೆಯ ತೇಪೆ!

ಕಡೆಗೆ 2016ರ ಹೊತ್ತಿಗೆ ಕಂಪನಿಯೇ ಆ ಏರು ಸದ್ದನ್ನು ಹೀರಿಕೊಳ್ಳುವ ವ್ಯವಸ್ಥೆ ಮಾಡಿ ಎಚ್‌ಡಿ 800 ಎಸ್ ಎಂಬುದನ್ನು ತಂದಿತು. ಜಗಳ ಮುಗಿಯಿತು ಎಂದುಕೊಂಡಿರಾ? ಇಲ್ಲ. ಹಳೆಯದೇ ಚೆನ್ನಾಗಿತ್ತು, ಹೊಸದರಲ್ಲಿ ಆ ಹೊಳಪಿಲ್ಲ ಎನ್ನುವವರು ಹುಟ್ಟಿಕೊಂಡರು. ಊರ ಜಾತ್ರೆಯಲ್ಲಿ ಕಮಿಟಿ ಬದಲಾದಾಗ ಕೇಳಿಬರುವ ಮಾತೇ ಇದು.

ಹಣ್ಣಿನಂಗಡಿಯಲ್ಲಿ ಹುಟ್ಟಿದ ನಾದ

ಅಂಗಡಿಯವರಿಗೆ ಹಿಡಿಸುವ ಕಥೆ ಇನ್ನೊಂದಿದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಗ್ರಾಡೋ ಎಂಬ ಮನೆತನದ ಕಂಪನಿ. 1953ರಲ್ಲಿ ಜೋಸೆಫ್ ಗ್ರಾಡೋ ಶುರುಮಾಡಿದ್ದು. ಮನೆಯವರ ಹಣ್ಣಿನಂಗಡಿ ಇದ್ದ ಕಟ್ಟಡದಲ್ಲೇ ಕಾರ್ಖಾನೆ ಬೆಳೆಯಿತು. ಮೊದಲು ಗ್ರಾಮಫೋನಿನ ಮುಳ್ಳಿನ ಸಾಮಾನು, ಆಮೇಲೆ ಹೆಡ್‌ಫೋನು.

ಗ್ರಾಡೋ ಮಾಲಿನ ಮೇಲೂ ಅಭಿಪ್ರಾಯ ಎರಡು ಹೋಳು. ಗಿಟಾರು ಬಾರಿಸುವವನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತ ಹಾಗಿರುತ್ತದೆ ಎಂದು ಮೆಚ್ಚುವವರು ಒಂದೆಡೆ. ಅರ್ಧ ಗಂಟೆಗೆ ಕಿವಿ ದಣಿಯುತ್ತದೆ, ಸ್ಪಂಜು ಚುಚ್ಚುತ್ತದೆ, ಕೆಳಗಿನ ಗುಡುಗು ಸಾಲದು ಎನ್ನುವವರು ಇನ್ನೊಂದೆಡೆ. ಒಂದೇ ಸಾಮಾನಿನ ಬಗ್ಗೆ ರಾಕ್ ಸಂಗೀತದವನು ಹೊಗಳಿದ್ದನ್ನು ಪಿಯಾನೋ ಕೇಳುವವನು ತೆಗಳುತ್ತಾನೆ.

ಬಸ್ಸಿನವರು ಇಲ್ಲೊಂದು ಮಾತು ಗಮನಿಸಬೇಕು. ಎಚ್‌ಡಿ 600, ಎಚ್‌ಡಿ 800, ಗ್ರಾಡೋ ಇವೆಲ್ಲ ಹಿಂಬದಿ ತೆರೆದ ಹೆಡ್‌ಫೋನುಗಳು. ಕಿವಿಗೆ ಹೋಗುವಷ್ಟೇ ಸದ್ದು ಹೊರಗೂ ಸೋರುತ್ತದೆ, ಹೊರಗಿನ ಗದ್ದಲವೂ ಒಳಗೆ ಬರುತ್ತದೆ. ಇದನ್ನು ಹಾಕಿಕೊಂಡು ಬಸ್ಸಿನಲ್ಲಿ ಕುಳಿತರೆ ನಿಮ್ಮ ಹಾಡನ್ನು ಪಕ್ಕದವನೂ ಕೇಳಬೇಕು, ಅವನ ಸಂಸಾರದ ಕಥೆಯನ್ನು ನೀವೂ ಕೇಳಬೇಕು. ಲಕ್ಷ ಸುರಿದರೂ ಸುತ್ತೋಲೆಯ ಆಶಯಕ್ಕೆ ಭಂಗವೇ!

ಬಸ್ಸಿಗೆ ಬೇಕಾದ ವಿದ್ಯೆ ಬೇರೆ. ಅದಕ್ಕೆ ಭಾರತದ ನಂಟೂ ಇದೆ. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಅಮರ್ ಬೋಸ್ 1978ರಲ್ಲಿ ಯೂರೋಪಿನಿಂದ ಅಮೆರಿಕಕ್ಕೆ ವಿಮಾನದಲ್ಲಿ ಹೋಗುವಾಗ ಎಂಜಿನ್ನಿನ ಮೊರೆತಕ್ಕೆ ಹಾಡೇ ಕೇಳಿಸಲಿಲ್ಲ. ಸದ್ದಿಗೆ ತದ್ವಿರುದ್ಧ ಸದ್ದು ಹುಟ್ಟಿಸಿ ಅಡಗಿಸುವ ಹೆಡ್‌ಫೋನಿನ ಲೆಕ್ಕವನ್ನು ಅವರು ಆ ಪ್ರಯಾಣದಲ್ಲೇ ಹಾಕಿದರು. 1989ರಲ್ಲಿ ಅವರ ಕಂಪನಿ ವಿಮಾನ ಚಾಲಕರಿಗೆ ಅದನ್ನು ಮಾರಿತು. ಎಂಜಿನ್ನಿನ ಒಂದೇ ಸಮನೆ ಗುಯ್‌ಗುಡುವ ಸದ್ದನ್ನು ಈ ತಂತ್ರ ಚೆನ್ನಾಗಿ ತಗ್ಗಿಸುತ್ತದೆ. ದಿಢೀರನೆ ಬಡಿಯುವ ಹಾರನ್ನಿಗೆ ಅಷ್ಟು ಮದ್ದಲ್ಲ. ಶುದ್ಧ ನಾದದ ಪಂಡಿತರು ಇಂಥವನ್ನು ಮೂಗು ಮುರಿದು ನೋಡುವುದುಂಟು. ಆದರೆ ಕೊನೆಯ ಸೀಟಿನಲ್ಲಿ ಕುಳಿತವನಿಗೆ ಪಂಡಿತರ ಮೂಗು ಕಟ್ಟಿಕೊಂಡು ಆಗಬೇಕಾದ್ದೇನು?

ಕಿವಿ ಕಿವಿಗೂ ಅಂತರ

ಇಷ್ಟು ಮಂದಿ ಇಷ್ಟು ಬಗೆ ಹೇಳುವುದು ಯಾಕೆ? ಎಲ್ಲವೂ ಮನಸ್ಸಿನ ಆಟವೇ? ಅಲ್ಲ. ಕಾರಣಗಳು ಇವೆ, ಗಟ್ಟಿಯಾದವೇ ಇವೆ.

ಮೊದಲನೆಯದು ಕಿವಿಯ ಆಕಾರ. ಇಬ್ಬರ ಹೆಬ್ಬೆಟ್ಟು ಹೇಗೆ ಒಂದೇ ಅಲ್ಲವೋ ಇಬ್ಬರ ಹೊರಗಿವಿಯೂ ಒಂದೇ ಅಲ್ಲ. ಕಿವಿಯ ಓಣಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಒಂದು ಕೊನೆ ಮುಚ್ಚಿದ ಕೊಳವೆ ಇದ್ದ ಹಾಗೆ. ಅದು ತಾನಾಗಿಯೇ 3,000 ಹರ್ಟ್ಸಿನ ಆಸುಪಾಸಿನ ಸದ್ದನ್ನು ಹಿಗ್ಗಿಸುತ್ತದೆ. ಓಣಿಯ ಉದ್ದ ಅಗಲ ಬದಲಾದರೆ ಹಿಗ್ಗುವ ಜಾಗವೂ ಬದಲು. ಹಾಗಾಗಿ ಒಬ್ಬನಿಗೆ ಚುಚ್ಚಿದ್ದು ಇನ್ನೊಬ್ಬನಿಗೆ ಚುಚ್ಚದೇ ಇರಬಹುದು.

ಎರಡನೆಯದು ಕೂರುವ ರೀತಿ. ಕನ್ನಡಕದ ಕಡ್ಡಿ, ದಟ್ಟ ಕೂದಲು ನಡುವೆ ಬಂದರೆ ಸಂದಿ ಬಿಟ್ಟು ಬೇಸ್ ಸೋರಿಹೋಗುತ್ತದೆ. ಕನ್ನಡಕದವನು ಬೇಸ್ ಇಲ್ಲ ಎಂದರೆ ಅವನ ಮಟ್ಟಿಗೆ ಅದು ನಿಜ.

ಮೂರನೆಯದು ಸದ್ದಿನ ಮಟ್ಟ. 1933ರಲ್ಲೇ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು ಅಳೆದು ತೋರಿಸಿದ್ದರು. ಸಣ್ಣ ಸದ್ದಿನಲ್ಲಿ ಕಿವಿಗೆ ಕೆಳಗಿನ ಸ್ವರಗಳು ಕಡಿಮೆ ಕೇಳುತ್ತವೆ. ಸದ್ದು ಏರಿಸಿದಾಗ ಅವು ತುಂಬಿಕೊಳ್ಳುತ್ತವೆ. ಅಂದರೆ ಎರಡು ಹೆಡ್‌ಫೋನುಗಳಲ್ಲಿ ಒಂದು ಒಂದೆಳೆ ಜೋರಾಗಿದ್ದರೂ ಸಾಕು, ಅದೇ ಉತ್ತಮ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಹೋಲಿಸುವಾಗ ಎರಡರ ಸದ್ದನ್ನೂ ಸರಿಸಮ ಮಾಡದಿದ್ದರೆ ಆ ತೀರ್ಪಿಗೆ ಬೆಲೆಯಿಲ್ಲ.

ನಾಲ್ಕನೆಯದು ಒಗ್ಗಿಹೋಗುವುದು. ಹೊಸ ಹೆಡ್‌ಫೋನನ್ನು ನೂರು ಗಂಟೆ ಓಡಿಸಿ ಆಮೇಲೆ ಕೇಳಿ, ಅದು 'ಪಳಗುತ್ತದೆ' ಎಂಬ ನಂಬಿಕೆ ಈ ಲೋಕದಲ್ಲಿ ಬಲವಾಗಿದೆ. ಮೆತ್ತೆ ಬಳಸಿ ಬಳಸಿ ಮೆತ್ತಗಾದರೆ ಸದ್ದು ತುಸು ಬದಲಾಗುವುದು ನಿಜ. ಆದರೆ ಬಹುಪಾಲು ಪಳಗುವುದು ಹೆಡ್‌ಫೋನಲ್ಲ, ಕೇಳುವವನ ತಲೆ. ಹೊಸ ಸೊಸೆಯ ಕೈಯಡುಗೆ ಮೊದಲ ವಾರ ಸಪ್ಪೆ, ತಿಂಗಳಿಗೆ ಸರಿ, ವರ್ಷಕ್ಕೆ ಅದೇ ರುಚಿ. ಸೊಸೆ ಬದಲಾದಳೋ, ನಾಲಿಗೆ ಬದಲಾಯಿತೋ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಇಷ್ಟೆಲ್ಲ ಕಾರಣ ಕಳೆದ ಮೇಲೂ ಉಳಿಯುವ ಕಳ್ಳನೊಬ್ಬನಿದ್ದಾನೆ. ಅವನೇ ಕಣ್ಣು.

1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಇಬ್ಬರು ಒಂದು ಪರೀಕ್ಷೆಯ ವರದಿ ಮಂಡಿಸಿದರು. ಅದು ಹೆಡ್‌ಫೋನಿನದಲ್ಲ, ಸ್ಪೀಕರಿನದು. ಅಮೆರಿಕದ ಹರ್ಮನ್ ಕಂಪನಿಯ 40 ಮಂದಿ ನೌಕರರನ್ನೇ ಕೂರಿಸಿ ನಾಲ್ಕು ಬಗೆಯ ಸ್ಪೀಕರ್ ಕೇಳಿಸಿದರು. ಒಂದು ಸಲ ಕಣ್ಣಿಗೆ ಕಾಣುವಂತೆ, ಇನ್ನೊಂದು ಸಲ ಪರದೆಯ ಹಿಂದಿಟ್ಟು. ಕಾಣುವಾಗ ದೊಡ್ಡ, ಚಂದದ, ದುಬಾರಿ ಸ್ಪೀಕರಿಗೆ ಅಂಕ ಧಾರಾಳ. ಸಣ್ಣ, ಅಗ್ಗದ ಸ್ಪೀಕರಿಗೆ ಕಡಿತ. ಪರದೆ ಬಿದ್ದ ಮೇಲೆ ಆ ಅಂತರ ಕುಗ್ಗಿತು. ಸದ್ದಿನ ಕಸುಬಿನಲ್ಲೇ ಅನ್ನ ಉಣ್ಣುವವರ ಕಿವಿಯನ್ನೂ ಕಣ್ಣು ಮೋಸ ಮಾಡಿತ್ತು.

ಹೆಡ್‌ಫೋನಿಗೆ ಪರದೆ ಕಟ್ಟುವುದು ಕಷ್ಟ. ತಲೆಯ ಮೇಲೆ ಇಟ್ಟ ಕೂಡಲೇ ಭಾರದಲ್ಲಿ, ಮೆತ್ತೆಯಲ್ಲಿ ಗುರುತು ಸಿಕ್ಕಿಬಿಡುತ್ತದೆ. ಆಲಿವ್ ಮತ್ತು ಅವರ ಸಂಗಡಿಗರು ಅದಕ್ಕೂ ಉಪಾಯ ಹುಡುಕಿದರು. ಎಲ್ಲರಿಗೂ ಒಂದೇ ಹೆಡ್‌ಫೋನು ತೊಡಿಸಿ, ಬೇರೆ ಬೇರೆ ಹೆಡ್‌ಫೋನುಗಳ ಸದ್ದಿನ ಏರಿಳಿತವನ್ನು ಕಂಪ್ಯೂಟರಿನಿಂದ ಅನುಕರಿಸಿ ಅದರಲ್ಲೇ ಕೇಳಿಸಿದರು. ಹೆಸರಿಲ್ಲ, ಬೆಲೆಯಿಲ್ಲ, ಬರೀ ಸದ್ದು.

2014ರಲ್ಲಿ ಅಮೆರಿಕ, ಕೆನಡಾ, ಜರ್ಮನಿ, ಚೀನಾ ಈ ನಾಲ್ಕು ದೇಶಗಳ 238 ಮಂದಿಯ ಅಭಿಪ್ರಾಯದ ವರದಿ ಬಂತು. ಚೀನಾದವನ ಕಿವಿ ಬೇರೆ, ಜರ್ಮನಿಯವನ ಕಿವಿ ಬೇರೆ ಎಂಬ ಮಾತು ಅಲ್ಲಿ ನಿಲ್ಲಲಿಲ್ಲ. ದೇಶ ಯಾವುದಾದರೂ ಮೆಚ್ಚುಗೆ ಹೆಚ್ಚುಕಡಿಮೆ ಒಂದೇ ಕಡೆ ವಾಲಿತು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದ ಹಾಗಿರುವ ಸದ್ದೇ ಬಹುಪಾಲು ಜನರಿಗೆ ಹಿಡಿಸಿತು. ಹರ್ಮನ್ ತಂಡದ ಮುಂದಿನ ವಿಶ್ಲೇಷಣೆಯಲ್ಲಿ ಕೇಳುಗರು ಮೂರು ಪಾಲಾದರು. ನೂರಕ್ಕೆ 64 ಮಂದಿ ಆ ಹದವನ್ನೇ ಮೆಚ್ಚಿದರು. 15 ಮಂದಿಗೆ ಇನ್ನೂ ಬೇಸ್ ಬೇಕು, ಇವರಲ್ಲಿ ಗಂಡಸರು, ಹರೆಯದವರು ಹೆಚ್ಚು. 21 ಮಂದಿಗೆ ಬೇಸ್ ಕಡಿಮೆ ಇರಬೇಕು, ಇವರಲ್ಲಿ ಹೆಂಗಸರು, 50 ದಾಟಿದವರು ಹೆಚ್ಚು. ಮನೆಯಲ್ಲಿ ಮಗ ಏರಿಸುವುದು, ತಾಯಿ ಇಳಿಸು ಎನ್ನುವುದು ಬರೀ ತಂಟೆಯಲ್ಲ ಎಂದಾಯಿತು!

ಹರ್ಮನ್ ಕೂಡ ಜೆಬಿಎಲ್, ಎಕೆಜಿ ಹೆಸರಿನಲ್ಲಿ ಹೆಡ್‌ಫೋನು ಮಾರುವ ಕಂಪನಿಯೇ ಎಂಬುದನ್ನೂ ನೆನಪಿಡಬೇಕು. ಆದರೆ ಪರೀಕ್ಷೆಯ ವಿಧಾನವನ್ನು ಅವರು ಮುಚ್ಚಿಡದೆ ಎಲ್ಲರ ಮುಂದೆ ಇಟ್ಟಿದ್ದಾರೆ.

ಇನ್ನು ಬೆಲೆಯ ಮಾತು. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನುಗಳ ಸದ್ದಿನ ಅಳತೆಯನ್ನು ಅವುಗಳ ಬೆಲೆಯ ಜತೆ ತಾಳೆ ಹಾಕಿ ನೋಡಿದ. ಸ್ವರಗಳ ಏರಿಳಿತದ ಹದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. 'ಕಾಸಿಗೆ ತಕ್ಕ ಕಜ್ಜಾಯ' ಎಂಬ ಗಾದೆ ಈ ಅಂಗಡಿಯಲ್ಲಿ ನಡೆಯಲಿಲ್ಲ.

ಹಾಗಾದರೆ ದುಬಾರಿ ಮಾಲೆಲ್ಲ ಬುರುಡೆಯೇ?

ಅವಸರಪಡಬೇಡಿ. ಆ ಲೆಕ್ಕ ಹೇಳಿದ್ದು ಸ್ವರದ ಹದದ ಬಗ್ಗೆ ಮಾತ್ರ. ಸಾಮಾನು ಅಂದಮೇಲೆ ಬೇರೆ ಗುಣಗಳೂ ಇರುತ್ತವೆ. ಜೋರಾಗಿ ಹಾಕಿದಾಗ ಸದ್ದು ಒಡೆಯದಿರುವುದು, ಎಡ ಬಲ ಎರಡೂ ಸಮನಾಗಿರುವುದು, ನಾಲ್ಕು ಗಂಟೆ ಕುಳಿತರೂ ತಲೆ ಹಿಂಡದಿರುವುದು, ಇವಕ್ಕೆಲ್ಲ ಖರ್ಚಿದೆ. ಎಚ್‌ಡಿ 600 ಇಷ್ಟು ವರ್ಷ ಬಾಳಿದ್ದಕ್ಕೆ ಇನ್ನೊಂದು ಗುಟ್ಟು, ಅದರ ಮೆತ್ತೆ, ತಂತಿ, ತಲೆಪಟ್ಟಿ ಎಲ್ಲವನ್ನೂ ಬೇರೆ ಬೇರೆಯಾಗಿ ಕೊಂಡು ಬದಲಿಸಬಹುದು. ಸ್ಪೇರ್ ಸಿಗುವ ಸಾಮಾನಿನ ಬೆಲೆ ಅಂಗಡಿಯವರಿಗೆ ಗೊತ್ತು. ಅಗ್ಗದ್ದು ತಂತಿ ಕಡಿದರೆ ತಿಪ್ಪೆಗೆ. ವರ್ಷಕ್ಕೆ ನಾಲ್ಕು ತಿಪ್ಪೆಗೆ ಎಸೆದವನು ಹತ್ತು ವರ್ಷದ ಲೆಕ್ಕ ಹಾಕಿ ನೋಡಲಿ.

ಆದರೆ ಒಂದು ಗಡಿ ದಾಟಿದ ಮೇಲೆ ದುಡ್ಡು ಹೋಗುವುದು ಸದ್ದಿಗಲ್ಲ, ಸೊಗಸಿಗೆ, ಹೆಸರಿಗೆ, ಪೆಟ್ಟಿಗೆಯ ಮಖಮಲ್ಲಿಗೆ. ಅದೂ ತಪ್ಪೇನಲ್ಲ. ಮದುವೆಗೆ ರೇಷ್ಮೆ ಸೀರೆ ಕೊಳ್ಳುವವರು ಚಳಿಗೆಂದು ಕೊಳ್ಳುತ್ತಾರೆಯೇ? ಸೊಗಸಿಗೆ ಕೊಡುತ್ತಿದ್ದೇನೆ ಎಂದು ತಿಳಿದು ಕೊಟ್ಟರೆ ಹಬ್ಬ. ಸದ್ದಿಗೆಂದು ನಂಬಿ ಕೊಟ್ಟರೆ ಕಿವಿಗೆ ಹೂವು. ಅದರಲ್ಲೂ ಮಗನ ಫೀಸಿಗೆ ಇಟ್ಟ ದುಡ್ಡನ್ನೋ, ಸಾಲದ ದುಡ್ಡನ್ನೋ ಸುರಿದು, ಮರುದಿನ ಚೆನ್ನಾಗಿಲ್ಲ ಎನಿಸಿದರೂ ಬಾಯಿಬಿಟ್ಟು ಹೇಳಲಾರದೆ ಒದ್ದಾಡುವವನ ಪಾಡು ಯಾರಿಗೂ ಬೇಡ.

ಹಲ್ಲಿದ್ದಾಗ ಕಡಲೆ ಇಲ್ಲ

ಇಷ್ಟೆಲ್ಲ ಜಗಳದ ನಡುವೆ ಮರೆತುಹೋಗುವ ಸಂಗತಿ ಒಂದಿದೆ. ಲಕ್ಷದ ಹೆಡ್‌ಫೋನು ಕೆಟ್ಟರೆ ಇನ್ನೊಂದು ಸಿಗುತ್ತದೆ. ಕಿವಿ ಕೆಟ್ಟರೆ?

ಎಳೆಯ ಕಿವಿಗೆ 20 ಹರ್ಟ್ಸಿನಿಂದ 20,000 ಹರ್ಟ್ಸಿನವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನ ಕೊನೆ ಸವೆಯುತ್ತ ಬರುತ್ತದೆ. 50 ದಾಟಿದ ಬಹಳ ಮಂದಿಗೆ 15,000 ಹರ್ಟ್ಸಿನ ಮೇಲಿನದು ಕೇಳುವುದೇ ಇಲ್ಲ. ದುಬಾರಿ ಹೆಡ್‌ಫೋನು ಕೊಳ್ಳುವ ತಾಕತ್ತು ಬರುವುದೋ ಆ ವಯಸ್ಸಿಗೇ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ? ಹಾಡಿನ ತಿರುಳು ಇರುವುದು ಅದಕ್ಕಿಂತ ಬಹಳ ಕೆಳಗಿನ ಸ್ವರಗಳಲ್ಲಿ, ಹಾಗಾಗಿ ಹಿರಿಯರು ಹಾಡು ಸವಿಯಬಾರದೆಂದಿಲ್ಲ. ಆದರೆ ಮೇಲಿನ ಮಿಂಚಿನ ಬಗ್ಗೆ ಅವರು ಕೊಡುವ ತೀರ್ಪನ್ನು ಮೊಮ್ಮಗನ ಕಿವಿ ಒಪ್ಪದೆ ಹೋಗಬಹುದು.

ವಯಸ್ಸಿನ ಸವೆತಕ್ಕೆ ಮದ್ದಿಲ್ಲ. ಜೋರು ಸದ್ದಿನ ಸವೆತ ನಾವೇ ತಂದುಕೊಳ್ಳುವುದು. ಕೆಲಸದ ಜಾಗದಲ್ಲಿ ದಿನಕ್ಕೆ 85 ಡೆಸಿಬೆಲ್ ಸದ್ದನ್ನು 8 ಗಂಟೆಗಿಂತ ಹೆಚ್ಚು ಸಹಿಸಬಾರದು ಎಂಬುದು ಅಮೆರಿಕದ ಆರೋಗ್ಯ ಸಂಸ್ಥೆಯೊಂದರ ಲೆಕ್ಕ. ಸದ್ದು ಬರೀ 3 ಡೆಸಿಬೆಲ್ ಏರಿದರೆ ಕಾಲ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಹೋದರೆ ಬರೀ 15 ನಿಮಿಷ. ಹಾಡು ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹಾಕಿದ ಗೆರೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ 75. ನೂರು ಕೋಟಿಗೂ ಹೆಚ್ಚು ಯುವಜನರ ಕಿವಿ ಅಪಾಯದಲ್ಲಿದೆ ಎಂದು ಅದೇ ಸಂಸ್ಥೆ 2022ರಲ್ಲಿ ಎಚ್ಚರಿಸಿತು.

ಬಸ್ಸಿನ ತೊಂದರೆ ಇಲ್ಲೇ. ಎಂಜಿನ್ನಿನ ಮೊರೆತ ಮೀರಿಸಬೇಕೆಂದು ಬೆರಳು ತಾನಾಗಿ ವಾಲ್ಯೂಮ್ ಏರಿಸುತ್ತದೆ. ಬಸ್ಸು ನಿಂತಾಗ ಇಳಿಸಲು ಮರೆಯುತ್ತದೆ. ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ ಮುನ್ನೂರು ದಿನ. ಹೆಡ್‌ಫೋನು ತೆಗೆದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದರೆ ಅದು ಕಿವಿ ಕೊಡುವ ನೋಟೀಸು. ನೋಟೀಸಿಗೆ ಉತ್ತರ ಕೊಡದವನ ಗತಿ ಎಲ್ಲರಿಗೂ ಗೊತ್ತೇ ಇದೆ.

ಕಾಲದ ಕುಚೋದ್ಯ ನೋಡಿ. ಆ ಅಮೃತಶಿಲೆಯ ಹೆಡ್‌ಫೋನು ಮಾಡಿದ ಸೆನ್‌ಹೈಸರಿನ ಗ್ರಾಹಕ ವಸ್ತುಗಳ ವ್ಯಾಪಾರವನ್ನು 2022ರಲ್ಲಿ ಕೊಂಡದ್ದು ಯಾರು? ಸ್ವಿಟ್ಜರ್ಲೆಂಡಿನ ಸೊನೊವಾ. ಕಿವುಡರಿಗೆ ಶ್ರವಣ ಯಂತ್ರ ಮಾಡಿ ಹೆಸರಾದ ಕಂಪನಿ!

ಗಿರಾಕಿಗೂ ಅಂಗಡಿಯವರಿಗೂ ನಾಲ್ಕು ಮಾತು

ಕೊಳ್ಳಲು ಹೋಗುವವರು ಅಂಗಡಿಯವನು ಹಾಕಿದ ಹಾಡಿನಲ್ಲಿ ಪರೀಕ್ಷೆ ಮಾಡಬಾರದು. ಅದು ಆ ಮಾಲಿಗೆಂದೇ ಆರಿಸಿದ ಹಾಡಾಗಿರುತ್ತದೆ. ನಿಮಗೆ ಬಾಯಿಪಾಠವಾಗಿರುವ ಹಾಡೊಂದನ್ನು, ದನಿ ಒಂದನ್ನು ಒಯ್ಯಿರಿ. ಸುಪ್ರಭಾತವೋ, ಸಿನಿಮಾ ಹಾಡೋ, ಯಕ್ಷಗಾನದ ಭಾಗವತರ ಪದವೋ, ಯಾವುದಾದರೂ ಸರಿ. ಚಂಡೆಯ ಪೆಟ್ಟು, ಮದ್ದಳೆಯ ಗುಮಿಕೆ, ತಾಳದ ಕಿಣಿ ಮೂರೂ ಬೇರೆ ಬೇರೆಯಾಗಿ ಕೇಳಿ, ಪದ ಸ್ಪಷ್ಟವಾದರೆ ಆ ಹೆಡ್‌ಫೋನು ನಿಮಗೆ ಸಾಕು.

ಎರಡನ್ನು ಹೋಲಿಸುವಾಗ ಸದ್ದು ಸರಿಸಮ ಮಾಡಿಕೊಳ್ಳಿ. ಬೆಲೆ ಕೇಳುವ ಮೊದಲು ಹಾಡು ಕೇಳಿ. ಕನ್ನಡಕ ಹಾಕುವವರು ಹಾಕಿಕೊಂಡೇ ಕೇಳಿ. ಹತ್ತು ನಿಮಿಷವಾದರೂ ತಲೆಯ ಮೇಲಿಟ್ಟು ನೋಡಿ. ಬಸ್ಸಿಗೆ ಬೇಕೋ ಮನೆಗೆ ಬೇಕೋ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಹೋಗಿ. ಯಾರೋ ಹೇಳಿದ ಮುಸುಕು, ಮಿಂಚು, ಬೆಚ್ಚಗೆ, ತಣ್ಣಗೆ ಎಂಬ ಮಾತನ್ನು ಕೇಳಿಕೊಳ್ಳಿ, ಆದರೆ ಅವರ ಕಿವಿ ನಿಮ್ಮ ತಲೆಗೆ ಅಂಟಿಲ್ಲ ಎಂಬುದು ನೆನಪಿರಲಿ.

ಅಂಗಡಿಯವರೂ ಒಂದು ಮಾಡಬಹುದು. ನಾಲ್ಕು ಸ್ಯಾಂಪಲ್ ಹೊರಗಿಟ್ಟು, ಬೆಲೆಚೀಟಿ ಮರೆಮಾಡಿ, ಗಿರಾಕಿಗೆ ಕೇಳಿಸಲಿ. ಅಗ್ಗದ್ದನ್ನೇ ಅವನು ಮೆಚ್ಚಿದರೆ ಇವತ್ತಿಗೆ ಲಾಭ ಕಡಿಮೆ. ಆದರೆ ಮನೆಗೆ ಹೋಗಿ ಬೈಯುವ ಗಿರಾಕಿಗಿಂತ, ಮೆಚ್ಚಿ ಇನ್ನಿಬ್ಬರನ್ನು ಕರೆತರುವ ಗಿರಾಕಿ ಮೇಲಲ್ಲವೇ?

ಊಟ ತನ್ನಿಚ್ಛೆ ಎಂದರು ಹಿರಿಯರು. ಕೇಳುವುದೂ ತನ್ನಿಚ್ಛೆಯೇ ಇರಲಿ. ವಾಲ್ಯೂಮ್ ಮಾತ್ರ ವೈದ್ಯರಿಚ್ಛೆಯಂತೆ ಇರಲಿ.